ಸೆರಗಿಗೆ ಹತ್ತದ ಅರಿಶಿನ

ಒಳಗೇರಿ, ಗುಡ್ಡದೊಳಗಿನ ರೊಟ್ಟಿ ಓಣಿ
ಫೆಬ್ರವರಿ ಮೂವತ್ತು, 2340

ಈ ಕಥೆಯನ್ನು ಮೊಟ್ಟಮೊದಲು ಹೇಳಿದವಳು ನಮ್ಮ ಓಣಿಯ ಗಾಳೆವ್ವ. ಹೇಳಿದ್ದು 2198ರ ಮಾಗಿಯಲ್ಲಿ, ಒಂದು ಕೂಸಿಗೆ ಹೆಸರಿಟ್ಟ ದಿನ ಸಂಜೆ, ಊಟವಾದ ಮೇಲೆ, ಎಲೆಯಡಿಕೆ ತಟ್ಟೆಯನ್ನು ಮುಂದೆ ಎಳೆದುಕೊಂಡು. ಅಲ್ಲಿಂದ ಅದು ಬಾಯಿಂದ ಬಾಯಿಗೆ ಬಂದು ನನ್ನಲ್ಲಿ ನಿಂತಿದೆ. ನಾನು ಇದನ್ನು ಮುಂದಿನವರಿಗೆ ಎಷ್ಟೋ ಸಲ ಹೇಳಿದ್ದೇನೆ. ಹಿಂದಿನವರಾದ ನಿಮಗೆ ಹೇಳುತ್ತಿರುವುದು ಇದೇ ಮೊದಲು. ನಿಮ್ಮನ್ನು ಹೇಗೆ ಕರೆಯಬೇಕೋ ತಿಳಿಯುತ್ತಿಲ್ಲ. ಕಾಲದಲ್ಲಿ ನೀವು ನನಗೆ ಹಿರಿಯರು, ಆದರೆ ಇದನ್ನು ಓದುವವರಲ್ಲಿ ನಿನ್ನೆ ಮೊನ್ನೆ ತಾಯಿಯಾದ ಹುಡುಗಿಯರೂ ಇರಬಹುದು. ಎಲ್ಲರನ್ನೂ ತಾಯಿ ಎಂದುಬಿಡುತ್ತೇನೆ, ತಪ್ಪಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸುತ್ತವೆ, ಅದಕ್ಕೆ ಕ್ಷಮೆಯಿರಲಿ. ಮೇಲಿನ ತಾರೀಖನ್ನು ನೋಡಿ ನಗಬೇಡಿ. ನಮ್ಮ ಹಿರಿಯರು ಪಂಚಾಂಗ ತಿದ್ದುವಾಗ ಫೆಬ್ರವರಿಗೂ ಹೊಟ್ಟೆ ತುಂಬ ದಿನ ಬಡಿಸಿದರು. ಪಾಪ, ಬಹಳ ಕಾಲ ಅರೆಹೊಟ್ಟೆಯಲ್ಲಿತ್ತು.

ತುಂಗಭದ್ರೆಗೂ ಕೃಷ್ಣೆಗೂ ನಡುವಿನ ಬಂಡೆಗುಡ್ಡಗಳನ್ನು ನೀವು ಹೊರಗಿನಿಂದ ಕಂಡಿದ್ದೀರಿ. ನಾವು ಅವುಗಳ ಒಳಗಿದ್ದೇವೆ. ನಮ್ಮ ಕಾಲದ ಬಿಸಿಲು ನಿಮ್ಮ ಕಾಲದ ಬಿಸಿಲಿನ ಮೊಮ್ಮಗ, ಅಜ್ಜನಿಗಿಂತ ಸಿಡುಕ. ಹೊತ್ತು ಒಂದಾಳು ಮೇಲೇರಿತೆಂದರೆ ಹೊರಗೆ ನಿಲ್ಲಲಾಗದು. ಆದ್ದರಿಂದ ಬಂಡೆಯನ್ನು ಕೊರೆದು, ಒಳಗೆ ಓಣಿ, ಬಾವಿ, ಹಿಟ್ಟಿನ ಗಿರಣಿ, ಶಾಲೆ, ಜಗಳದ ಕಟ್ಟೆ ಎಲ್ಲವನ್ನೂ ಮಾಡಿಕೊಂಡಿದ್ದೇವೆ. ಮುಂಬೆಳಗಿನಲ್ಲಿ ಹೊರಗೆ ಹೋಗಿ ಜೋಳದ ಹೊಲದಲ್ಲಿ ದುಡಿದು, ಗಂಟೆ ಬಾರಿಸಿದೊಡನೆ ಒಳಗೆ ಬರುತ್ತೇವೆ. ರೊಟ್ಟಿ ಇನ್ನೂ ಇದೆ, ಸಮಾಧಾನ ಮಾಡಿಕೊಳ್ಳಿ. ಶೇಂಗಾ ಚಟ್ನಿಯೂ ಇದೆ. ಗುಡ್ಡದಿಂದ ಹೊರಕ್ಕೆ ತೆರೆಯುವ ಜಾಗವನ್ನು ನಾವು ಬಾಯಿ ಎನ್ನುತ್ತೇವೆ. ಅಲ್ಲಿಗೆ ಮೆಟ್ಟಿಲುಗಳಿವೆ. ಬಾಯಿಯ ಹತ್ತಿರದ ಗೂಡಿನಲ್ಲಿ ಬಾಯಿಗಾವಲಿನವನು ಕೂತು ಬಿಸಿಲನ್ನು ನೋಡಿ ಗಂಟೆ ಬಾರಿಸುತ್ತಾನೆ. ಅವನ ಬಟ್ಟೆಯಲ್ಲಿ ಸದಾ ಕೆಂಧೂಳು. ಎಳೆಗೂಸಿನ ಎದೆಗೆ ಆ ಧೂಳು ಒಳ್ಳೆಯದಲ್ಲವೆಂದು ಕಾವಲಿನ ಸರದಿ ಮುಗಿಯುವವರೆಗೆ ಅವನು ಬಾಣಂತಿಯ ಕೋಣೆಗೆ ಬರುವಂತಿಲ್ಲ. ಮನೆಯವರೊಡನೆ ಮಾತಾಡಲು ಮಾತುಗೊಳವೆಯಿದೆ. ಮೇಲಿನಿಂದ ಮನೆಮನೆಗೆ ಇಳಿದಿರುವ ಸುಟ್ಟ ಮಣ್ಣಿನ ಕೊಳವೆ ಅದು. ಒಂದು ತುದಿಯಲ್ಲಿ ಕೂಗಿದರೆ ಇನ್ನೊಂದು ತುದಿಯಲ್ಲಿ ಕೇಳಿಸುತ್ತದೆ, ನಡುವಿನ ಮನೆಗಳಿಗೂ ಕೇಳಿಸುತ್ತದೆ.

ಇನ್ನೊಂದು ಮಾತನ್ನು ತಿಳಿಸಬೇಕು, ಕಥೆಯೆಲ್ಲ ಅದರ ಮೇಲೆ ನಿಂತಿದೆ. ನಮ್ಮ ಮನೆಗಳಲ್ಲಿ ಉರಿಯುವುದು ಜೇನುದೀಪ. ಹಾಗೆಂದರೆ ಗೋಡೆಗೆ ಬಳಿಯುವ ಒಂದು ಬಗೆಯ ಅಂಟು. ಅದು ತಾನೇ ಬೆಳಗುತ್ತದೆ, ಕಾವು ಕೊಡುವುದಿಲ್ಲ, ಬೆಳಕು ಮಾತ್ರ ಅಪ್ಪಟ ಜೇನಿನ ಬಣ್ಣ. ನಿಮ್ಮ ಕಾಲದ ಹಳದಿ ಬಲ್ಬಿನ ದೂರದ ನೆಂಟನೆಂದು ತಿಳಿಯಿರಿ. ಜೇನುದೀಪದ ಕೆಳಗೆ ಹಳಸಿದ ಅನ್ನವೂ ಕೇಸರಿಬಾತಿನಂತೆ ಕಾಣುತ್ತದೆ. ಮೂಗುತಿ ಹಿತ್ತಾಳೆಯದೋ ಬಂಗಾರದ್ದೋ ತಿಳಿಯುವುದಿಲ್ಲ. ಗಾಳೆವ್ವನ ಕಾಲದಲ್ಲಿ ಕೂಸು ಹುಟ್ಟಿದೊಡನೆ ಎಣ್ಣೆ ಅರಿಶಿನ ಪೂಸಿ, ಹೆಸರಿಡುವವರೆಗೆ ಮನೆಯ ಎಲ್ಲಕ್ಕಿಂತ ಒಳಗಿನ ಕೋಣೆಯಲ್ಲಿ ಇಡುತ್ತಿದ್ದರು. ನೋಡಲು ಬಂದ ಹೆಂಗಸರು ತೊಟ್ಟಿಲಿಗೆ ಬಗ್ಗಿ ಹೊನ್ನು ಇಳಿದೈತಿ ಎಂದು ಹೇಳಬೇಕು. ಅದು ಹಾರೈಕೆ. ಕೂಸು ಎಷ್ಟು ಹಳದಿಯೋ ಮನೆಗೆ ಅಷ್ಟು ಭಾಗ್ಯ.

ಇನ್ನು ಕಥೆ.

ಗಾಳೆವ್ವನ ಪಕ್ಕದ ಮನೆ ಗದಿಗೆವ್ವನದು. ಗದಿಗೆವ್ವನ ಮಗ ಕೊಟ್ರೇಶ, ಆಗ ಬಾಯಿಗಾವಲಿನ ಸರದಿಯಲ್ಲಿದ್ದವನು. ಸೊಸೆ ಚಂಪವ್ವ. ಗದಿಗೆವ್ವನಿಗೆ ಹೊನ್ನವ್ವ ಎಂಬ ಮಗಳೂ ಇದ್ದಳು. ಹುಟ್ಟಿದಾಗ ಕಣ್ಣು ಕೋರೈಸುವಷ್ಟು ಹಳದಿಯಿದ್ದಳೆಂದು ಆ ಹೆಸರು. ಹೊನ್ನವ್ವನಿಗೆ ಕಿವಿ ಕೇಳಿಸದು. ಕೈಸನ್ನೆಯಲ್ಲಿ ಇಡೀ ಓಣಿಯನ್ನು ನಗಿಸಬಲ್ಲವಳು, ಹೊಲಿಗೆಯಲ್ಲಿ ಅವಳ ಸಮ ಯಾರೂ ಇರಲಿಲ್ಲ. ಚಂಪವ್ವ ಹೆಣ್ಣು ಹೆತ್ತಳು. ಹೆರಿಗೆ ಮಾಡಿಸಿದ ಡಾಕ್ಟರ್ ಶಾಹಿದಾ ಹೊರಡುವಾಗ, ಒಂದೆರಡು ದಿನ ಬಿಟ್ಟು ಕೂಸನ್ನು ತಮ್ಮ ಬಿಳಿದೀಪದ ಕೋಣೆಗೆ ತಂದು ತೋರಿಸಬೇಕೆಂದು ಹೇಳಿ ಹೋಗಿದ್ದರು. ಗದಿಗೆವ್ವ ತಲೆಯಾಡಿಸಿದ್ದಳು. ಹೆಸರಿಡುವ ಮೊದಲು ಕೂಸು ಹೊಸ್ತಿಲು ದಾಟುವುದು ಅವಳ ಲೆಕ್ಕದಲ್ಲಿ ಇರಲಿಲ್ಲ, ಅಷ್ಟೇ.

ಮೇಲೆ ಗೂಡಿನಲ್ಲಿ ಕೊಟ್ರೇಶನಿಗೆ ಮಾತ್ರ ಜೀವ ತಡೆಯದು. ಹೊತ್ತಿಗೊಮ್ಮೆ ಕೊಳವೆಗೆ ಬಾಯಿ ಹಚ್ಚುತ್ತಿದ್ದ.

"ಯವ್ವಾ, ಕೂಸು ಯಾರನ್ನ ಹೋಲತೈತಿ?"

"ನನ್ನ ಹೋಲತೈತಿ. ಇನ್ಯಾರನ್ನ ಹೋಲಬೇಕಿತ್ತೋ?"

"ಮೂಗರೆ ನಂದೈತೇನು?"

"ನಿನ್ನ ಮೂಗು ನಿನ್ನ ಕಡೀಗೇ ಇರವಲ್ದ್ಯಾಕ, ಧೂಳು ಮೂಸಾಕ ಬೇಕಾಗತೈತಿ. ಸುಮ್ಕ ಗಂಟಿ ಬಾರಿಸು."

ಓಣಿಯೆಲ್ಲ ಕೊಳವೆಗೆ ಕಿವಿ ಹಚ್ಚಿ ನಗುತ್ತಿತ್ತು. ಹೆಂಗಸರು ಬಂದರು, ಬಗ್ಗಿ ನೋಡಿದರು, ಹೊನ್ನು ಇಳಿದೈತಿ ಅಂದರು. ಗಾಳೆವ್ವನೂ ಅಂದಳು. ಹೊನ್ನವ್ವನಾದ ಮೇಲೆ ಇಂಥ ಬಣ್ಣ ಈ ಮನೆಯಲ್ಲಿ ಕಂಡಿರಲಿಲ್ಲ ಎಂದು ಗದಿಗೆವ್ವ ಬೀಗಿದಳು. ಕೂಸು ಅಳುವುದೇ ಇಲ್ಲ, ಎಂಥ ಸಮಾಧಾನ ನೋಡಿರಿ ಎಂದು ಎಲ್ಲರಿಗೂ ತೋರಿಸಿದಳು.

ಚಂಪವ್ವನಿಗೆ ಆ ಸಮಾಧಾನವೇ ಹೆದರಿಕೆಯಾಗಿತ್ತು. ಹಾಲು ಕಟ್ಟಿ ಎದೆ ಕಲ್ಲಾಗಿತ್ತು, ಕೂಸು ಬಾಯಿಟ್ಟ ಹಾಗೆ ಮಾಡಿ ನಿದ್ದೆಗೆ ಜಾರುತ್ತಿತ್ತು.

"ಅತ್ತೀ, ಮೊಲಿ ಹಿಡಿಯವಲ್ದು. ನಿನ್ನೀಗಿಂತ ಇವತ್ತು ಮೆತ್ತಗಾಗೇದ."

"ಮಲಗೋ ಕೂಸು ಬೆಳೆಯೋ ಕೂಸು. ದೇವರು ಮಲಗಿಸ್ಯಾನ, ನೀ ಯಾಕ ಎಬ್ಬಿಸ್ತಿ? ಸಕ್ರಿ ನೀರಾಗ ಅರಿವಿ ಅದ್ದಿ ತುಟಿಗಿ ಇಡು, ಚೀಪತೈತಿ."

ಅದೇ ಹೊತ್ತಿಗೆ ಕೊಳವೆ ಮತ್ತೆ ಸದ್ದು ಮಾಡಿತು. ಈ ಸಲ ಅವನ ದನಿ ಸಣ್ಣಗಿತ್ತು.

"ಚಂಪೀ, ನಾ ಒಳಗ ಬರಂಗಿಲ್ಲ ಖರೆ. ನೀನರೆ ಮ್ಯಾಲ ಬಾರಲ್ಲ. ದೂರ ನಿಂತು ನೋಡ್ತೀನಿ. ಒಂದ್ಸಲ ಮಾರಿ ತೋರಿಸಿ ಹೋಗಿಬಿಡು."

ಚಂಪವ್ವ ಮರುದಿನ ಮುಂಬೆಳಗು ಅತ್ತೆ ನೀರಿಗೆ ಹೋದಾಗ, ಗಾಳೆವ್ವನ ಕೈಗೆ ಕೂಸನ್ನು ಕೊಟ್ಟು, ತಾನು ಗೋಡೆ ಹಿಡಿದುಕೊಂಡು, ಹಸಿ ಬಾಣಂತಿ, ಮೆಟ್ಟಿಲು ಹತ್ತಿದಳು. ಗಾಳೆವ್ವ ಬೇಡವೆಂದಳು, ಬೈದಳು, ಆಮೇಲೆ ತಾನೇ ಮುಂದೆ ನಡೆದಳು. ಕೂಸನ್ನು ಕಂಡಾಗ ಕೊಟ್ರೇಶನ ಮುಖ ಹೇಗಾಗುತ್ತದೆಂದು ನೋಡುವ ಆಸೆ ಅವಳಿಗೂ.

ಬಾಯಿಯ ಹೊರಗೆ ಬೆಳ್ಳನೆಯ ಬೆಳಗು. ಹೊತ್ತು ಇನ್ನೂ ಮೂಡಿರಲಿಲ್ಲ. ಕೊಟ್ರೇಶ ಧೂಳಿನ ಬಟ್ಟೆಯಲ್ಲಿ ದೂರ ನಿಂತು, ಎರಡೂ ಕೈಯನ್ನು ಬೆನ್ನಿಗೆ ಕಟ್ಟಿಕೊಂಡು ಇಣುಕಿದ. ಮುಟ್ಟಿಬಿಟ್ಟೇನೆಂಬ ಹೆದರಿಕೆ ಅವನಿಗೆ. ಕೂಸಿನ ಮುಖದ ಬಟ್ಟೆಯನ್ನು ಗಾಳೆವ್ವ ಸರಿಸಿದಳು. ಅವನು ನಕ್ಕ, ಕಣ್ಣು ಒರೆಸಿಕೊಂಡ, ಆಮೇಲೆ ಕೇಳಿದ.

"ಇಷ್ಟ್ಯಾಕ ಅರಿಶಿಣ ಬಡದೀರಿ? ಮೂಗು ಯಾರದಂತ ತಿಳಿಯವಲ್ದು."

ಚಂಪವ್ವ ಬಿಳಿ ಸೆರಗಿನ ತುದಿಯನ್ನು ನಾಲಗೆಗೆ ಹಚ್ಚಿ ಕೂಸಿನ ಹಣೆ ಒರೆಸಿದಳು. ಕೆನ್ನೆ ಒರೆಸಿದಳು. ಮೊದಲ ಸಲ ಸೆರಗಿಗೆ ಚೂರು ಬಣ್ಣ ಹತ್ತಿತು. ಎರಡನೆಯ ಸಲ ಸೆರಗು ಬೆಳ್ಳಗೆ ಉಳಿಯಿತು. ಕೂಸು ಮಾತ್ರ ಹಳದಿಯಾಗಿಯೇ ಇತ್ತು. ಮೂಗಿನ ತುದಿಯನ್ನು ಮೆಲ್ಲಗೆ ಒತ್ತಿ ಬೆರಳು ತೆಗೆದಳು. ಒತ್ತಿದ ಜಾಗ ಬಿಳಿಚಬೇಕಿತ್ತು. ಹಣ್ಣಾದ ನಿಂಬೆಯಂತೆ ಕಂಡು, ಮತ್ತೆ ಮುಚ್ಚಿಕೊಂಡಿತು. ಗಾಳೆವ್ವ ರೆಪ್ಪೆ ಬಿಡಿಸಿ ನೋಡಿದಳು. ಕಣ್ಣಿನ ಬಿಳಿಯೂ ಹಳದಿ.

"ಇದು ಹಚ್ಚಿದ್ದಲ್ಲಬೇ," ಅಂದಳು ಗಾಳೆವ್ವ. "ಒಳಗಿಂದು."

ಆಗ ಹೊತ್ತು ಮೂಡಿತು. ಎಳೆ ಬಿಸಿಲಿಗೆ ಹಿಡಿದರೆ ಕೂಸಿನ ಹಳದಿ ಕರಗುತ್ತದೆಂದು ಕೊಟ್ರೇಶ ಯಾರಿಂದಲೋ ಕೇಳಿದ್ದ. ಹಿಡಿಯಿರಿ, ಇಲ್ಲೇ ಹಿಡಿಯಿರಿ ಎಂದು ತಡಬಡಿಸಿದ. ಚಂಪವ್ವ ಅವನ ಮಾತಿಗೆ ನಿಲ್ಲಲಿಲ್ಲ. ಗಾಳೆವ್ವನನ್ನು ಮುಂದಿಟ್ಟುಕೊಂಡು ಮೆಟ್ಟಿಲಿಳಿದು, ಮನೆಗೂ ಹೋಗದೆ, ನೆಟ್ಟಗೆ ಡಾಕ್ಟರ್ ಶಾಹಿದಾ ಅವರ ಬಿಳಿದೀಪದ ಕೋಣೆಗೆ ನಡೆದಳು. ಹಿಂದಿನಿಂದ ಅವನು ಗಂಟೆ ಬಾರಿಸುವುದು ಕೇಳಿಸುತ್ತಿತ್ತು. ಅವತ್ತು ಎಷ್ಟು ಬಾರಿಸಬೇಕೆಂಬುದು ಅವನಿಗೆ ಮರೆತೇಹೋಯಿತಂತೆ. ಹೊಲಕ್ಕೆ ಹೊರಟಿದ್ದವರೆಲ್ಲ ಕಂಗೆಟ್ಟು ಒಳಗೆ ಓಡಿಬಂದರು.

ಡಾಕ್ಟರು ಕೂಸಿನ ಬಟ್ಟೆ ಬಿಚ್ಚಿ ನೋಡಿದರು. ಹಳದಿ ಮುಖದಿಂದ ಎದೆಗೆ, ಹೊಟ್ಟೆಗೆ, ಮೊಣಕಾಲಿನ ಕೆಳಗಿನವರೆಗೂ ಇಳಿದಿತ್ತು. ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದರು. ಕಣ್ಣಿನ ಅಂದಾಜು ಸಾಲದು, ಎಷ್ಟೆಂಬುದನ್ನು ರಕ್ತವೇ ಹೇಳಬೇಕು ಎಂದರು. ಅಷ್ಟರಲ್ಲಿ ಗದಿಗೆವ್ವ ನೀರಿನ ಕೊಡವನ್ನು ದಾರಿಯಲ್ಲೇ ಬಿಟ್ಟು ಬಂದಿದ್ದಳು, ಹಿಂದೆ ಹೊನ್ನವ್ವ.

"ಹೊಸ್ತಿಲ ದಾಟಿಸಿದ್ಯಾ? ಯಾರನ್ನ ಕೇಳಿ ದಾಟಿಸಿದಿ?"

"ಕೂತ್ಕೋರಿ ಅಮ್ಮಾ," ಅಂದರು ಡಾಕ್ಟರು. "ದಾಟಿಸಿದ್ದು ಛಲೋ ಆತು. ಹುಟ್ಟಿದ ಕೂಸಿನ ಮೈಯಾಗ ಹಳೇ ರಕ್ತ ಒಡೀತಿರತೈತಿ. ಅದರ ಕಸ ಹಳದಿ. ಆ ಕಸ ಹೊರಗ ಹಾಕೋದು ಪಿತ್ತಜನಕಾಂಗ. ಅದು ಈಗಿನ್ನೂ ಹೊಸಾ ಸೊಸಿ ಇದ್ದಂಗ. ಬಂದ ದಿನಾನ ಎಲ್ಲಾ ಕೆಲಸಾ ಬಾ ಅಂದ್ರ ಹೆಂಗ ಬರತೈತಿ?"

"ನನ್ನ ಸೊಸೀಗಿ ಇನ್ನೂ ಬಂದಿಲ್ಲ," ಅಂದಳು ಗದಿಗೆವ್ವ.

"ಭಾಳ ಕೂಸುಗಳಿಗೆ ಚೂರು ಹಳದಿ ಬಂದು ತಾನ ಹೋಗತೈತಿ. ಹಾಲು ಛಲೋ ಕುಡದ್ರ ಕಸ ಮಲದಾಗ ಹೋಗತೈತಿ. ಸಕ್ರಿ ನೀರು ಕುಡಿಸಿದ್ರ ಹೊಟ್ಟಿ ತುಂಬತೈತಿ, ಕಸ ಅಲ್ಲೇ ಉಳೀತೈತಿ. ಈ ಕೂಸಿಗಿ ಮಿತಿ ದಾಟೇದ. ತಾಯಿ ರಕ್ತದ ಗುಂಪು ಬ್ಯಾರೆ, ಕೂಸಿಂದು ಬ್ಯಾರೆ, ಅದಕ್ಕ ರಕ್ತ ಜಾಸ್ತಿ ಒಡದೈತಿ. ಹಿಂಗ ಬಿಟ್ರ ಮೆದುಳಿಗಿ ಏರತೈತಿ. ಅಲ್ಲಿಗಿ ಹೋದ್ರ ಜೀವಾನೂ ಹೋಗಬಹುದು. ಉಳದ್ರೂ ಕಿವಿ ಹೋಗಬಹುದು."

ಗದಿಗೆವ್ವ ತಿರುಗಿ ಹೊನ್ನವ್ವನನ್ನು ನೋಡಿದಳು. ಹೊನ್ನವ್ವ ಯಾರ ತುಟಿಯನ್ನು ನೋಡಬೇಕೆಂದು ತಿಳಿಯದೆ ಒಬ್ಬೊಬ್ಬರನ್ನೇ ನೋಡುತ್ತಿದ್ದಳು.

"ಡಾಕ್ಟರವ್ವಾ, ನನ್ನ ಹೊನ್ನಿನೂ ಹಿಂಗ ಇದ್ದಳು. ಹಿಂಗ ಮಲಗ್ತಿದ್ದಳು. ಆಮ್ಯಾಲ ಒಂದಿನ ಸಣ್ಣಗ ಚೀರಿ ಬಿಲ್ಲಿನಂಗ ಹಿಂದಕ ಬಾಗಿದಳು. ನಾವು ದೃಷ್ಟಿ ಆಗೇದಂತ ನಿವಾಳಿಸಿದಿವಿ."

"ಅದಽ ಇರಬಹುದು. ಇಲ್ಲದನೂ ಇರಬಹುದು. ಈಗ ಖಾತ್ರಿ ಹೇಳಾಕ ಬರಂಗಿಲ್ಲ ಅಮ್ಮಾ."

ಒಳಗಿನಿಂದ ನೀಲಿ ತೊಟ್ಟಿಲನ್ನು ತಂದರು. ಹಾಗೆಂದರೆ ಮೇಲಿನಿಂದಲೂ ಕೆಳಗಿನಿಂದಲೂ ನೀಲಿ ಬೆಳಕು ಬೀಳುವ ಗಾಜಿನ ತೊಟ್ಟಿಲು. ಆ ಬೆಳಕು ಮೈಯೊಳಗಿನ ಹಳದಿಯನ್ನು ಒಡೆದು, ಉಚ್ಚೆಯಲ್ಲೂ ಮಲದಲ್ಲೂ ಹರಿದುಹೋಗುವಂತೆ ಮಾಡುತ್ತದೆ. ನಿಮ್ಮ ಕಾಲದ ಆಸ್ಪತ್ರೆಗಳಲ್ಲೂ ಅದಿದೆಯೆಂದು ಕೇಳಿದ್ದೇನೆ. ಎಷ್ಟೋ ಸಂಗತಿಗಳನ್ನು ನಾವು ಬದಲಾಯಿಸಿದೆವು, ಅದನ್ನು ಬದಲಾಯಿಸುವ ಅಗತ್ಯ ಬೀಳಲಿಲ್ಲ. ಆದರೆ ಒಳಗೇರಿಯಲ್ಲಿ ನೀಲಿಯೆಂದರೆ ಹಾವು ಕಚ್ಚಿದವರ ಬಣ್ಣ. ಗದಿಗೆವ್ವ ಎದ್ದು ನಿಂತಳು.

"ಬಂಗಾರದಂಥ ಕೂಸಿಗಿ ವಿಷದ ಬಣ್ಣ ಬಳೀತೀರೇನು? ಅದಕ್ಕಿಂತ ಮ್ಯಾಲ ಬಿಸಿಲಿಗಿ ಹಿಡೀರಿ. ಬಿಸಿಲು ದೇವರ ಬೆಳಕು."

"ಬಿಸಿಲು ನೋಡಾಕ, ಮದ್ದಿಗಲ್ಲ," ಅಂದರು ಡಾಕ್ಟರು. "ಎಷ್ಟು ಬಿತ್ತು ಅಳತಿ ಸಿಗಂಗಿಲ್ಲ. ಎಳೀ ಚರ್ಮ ಸುಡತೈತಿ. ಇಷ್ಟು ಹಳದಿಗಿ ಅದು ಸಾಲಂಗೂ ಇಲ್ಲ. ಇದರಾಗ ಮಲಗಸ್ತೀವಿ. ಸಂಜಿ ತನಕ ಇಳೀಲಿಲ್ಲಂದ್ರ ಮೈಯಾಗಿನ ರಕ್ತಾನ ಸ್ವಲ್ಪ ಸ್ವಲ್ಪ ತಗದು ಬದಲಿ ಹಾಕಬೇಕಾಗತೈತಿ. ಅದು ಬರಬಾರದು ಅಂದ್ರ ನಿಮ್ಮಿಂದ ಒಂದು ಕೆಲಸ ಆಗಬೇಕು."

"ನನ್ನಿಂದ ಏನಾಗತೈತಿ?"

"ಹಾಲು ಕುಡಿಯೋ ಹೊತ್ತಿಗಿ ಹೊತ್ತಿಗಿ ಕೂಸಿನ ಎಬ್ಬಿಸಬೇಕು. ಅಂಗಾಲು ತೀಡ್ರಿ, ಕಿವಿ ಹಿಂದ ಕಚಗುಳಿ ಇಡ್ರಿ. ನಿಮ್ಮ ದನಿ ಕೊಳವಿ ಇಲ್ಲದನ ಬಾಯಿ ತನಕ ಕೇಳತೈತಿ ಅಂತಾರ. ಈಗ ಉಪಯೋಗಿಸ್ರಿ."

ಮಲಗಿದ ಕೂಸನ್ನು ದೇವರು ಮಲಗಿಸಿದ್ದಾನೆ ಎಂದವಳು ಅವತ್ತು ತೊಟ್ಟಿಲ ಪಕ್ಕದಿಂದ ಏಳಲಿಲ್ಲ. ಹೊನ್ನವ್ವ ಕಪ್ಪು ಅರಿವೆಯಲ್ಲಿ ಎರಡು ಪುಟ್ಟ ಕಣ್ಣುಪಟ್ಟಿ ಹೊಲಿದಳು, ನೀಲಿ ಬೆಳಕು ಕೂಸಿನ ಕಣ್ಣಿಗೆ ತಾಗಬಾರದೆಂದು. ಒಂದು ಚಿಕ್ಕ ಲಂಗೋಟಿಯ ಹೊರತು ಮೈಮೇಲೆ ಬೇರೇನೂ ಇಲ್ಲ. ಎಷ್ಟು ಮೈ ಬಯಲಿದ್ದರೆ ಅಷ್ಟು ಬೆಳಕು. ನೀಲಿ ಬೆಳಕಿನಲ್ಲಿ ಕೂಸು ನೀರೊಳಗಿನ ಮೀನುಮರಿಯಂತೆ ಕಾಣುತ್ತಿತ್ತೆಂದು ಗಾಳೆವ್ವ ಹೇಳುತ್ತಿದ್ದಳು. ಗದಿಗೆವ್ವ ಅಂಗಾಲು ತೀಡುತ್ತ, ಏಳವ್ವಾ ನನ್ನ ಸರದಾರ್ತಿ, ಏಳು, ಉಂಡು ಮಲಗು, ನಿಮ್ಮಪ್ಪ ಅಲ್ಲಿ ಗಂಟಿ ಹರೀತಾನ ನೋಡು ಎನ್ನುತ್ತಿದ್ದಳು. ಚಂಪವ್ವ ಎತ್ತಿಕೊಂಡು ಹಾಲೂಡಿಸುವಳು. ಕೂಸಿಗೆ ಚೀಪುವ ಕಸುವಿಲ್ಲದಾಗ ಹಾಲನ್ನು ಹಿಂಡಿ ಚಮಚದಲ್ಲಿ ಹನಿಸುವಳು. ಮತ್ತೆ ತೊಟ್ಟಿಲಿಗೆ. ಆ ಕೋಣೆಗೂ ಇಳಿದಿದ್ದ ಕೊಳವೆಯಲ್ಲಿ ಕೊಟ್ರೇಶ ಏನನ್ನೂ ಕೇಳುತ್ತಿರಲಿಲ್ಲ. ಅವನು ಉಸಿರಾಡುವುದಷ್ಟೇ ಕೇಳಿಸುತ್ತಿತ್ತು.

ಸಂಜೆ ಡಾಕ್ಟರು ಮತ್ತೆ ಹಿಮ್ಮಡಿಗೆ ಸೂಜಿ ಇಟ್ಟರು. ಹಿಂದಿನ ಸಲ ಕೂಸು ಮುಲುಕಿದ್ದಷ್ಟೇ. ಈ ಸಲ ಕೋಣೆ ಹಾರಿಹೋಗುವಂತೆ ಅತ್ತಿತು. ಆ ಅಳು ಕೊಳವೆ ಹತ್ತಿ ಮೇಲೆ ಹೋಯಿತು.

"ಇಳದೈತಿ," ಅಂದರು ಡಾಕ್ಟರು. "ಪೂರ್ತಿ ಅಲ್ಲ. ಆದ್ರ ದಾರಿ ಹಿಡದೈತಿ. ರಕ್ತ ಬದಲಿಸೋದು ಬ್ಯಾಡ."

"ಮೂಗು ನಂದಽ, ಅಳೂನೂ ನಂದಽ!" ಎಂದು ಕೊಳವೆಯಿಂದ ಕೂಗು ಬಂತು.

"ನಿಂದಽ ತಗೋಪಾ, ನಿಂದಽ," ಅಂದಳು ಗದಿಗೆವ್ವ. ಆ ಒಂದು ಮಾತಿಗಾಗಿ ಅವನು ಎಷ್ಟು ದಿನದಿಂದ ಕಾದಿದ್ದನೋ.

ಕೂಸು ಮನೆಗೆ ಬಂದ ಮೇಲೂ ಎಲ್ಲರ ಎದೆಯಲ್ಲಿ ಒಂದು ಅಳುಕು ಇತ್ತು. ಅದನ್ನು ಕಳೆದವಳು ಹೊನ್ನವ್ವ. ಒಂದು ದಿನ ತೊಟ್ಟಿಲಿನ ಆಚೆ ನಿಂತು, ಹಿತ್ತಾಳೆ ತಟ್ಟೆಯನ್ನು ನೆಲಕ್ಕೆ ಬೀಳಿಸಿದಳು. ಕೂಸು ಬೆಚ್ಚಿಬಿದ್ದು ಎರಡೂ ಕೈ ಚಾಚಿತು. ಹೊನ್ನವ್ವ ತಟ್ಟೆಯ ಸದ್ದನ್ನು ಕೇಳಲಿಲ್ಲ, ಕೂಸು ಕೇಳಿದ್ದನ್ನು ಕಂಡಳು. ನಗುತ್ತ ಮತ್ತೆ ಎತ್ತಿ ಬೀಳಿಸಿದಳು. ಮತ್ತೆ ಬೀಳಿಸಿದಳು. ಸಾಕಬೇ, ಕೂಸಿನ ಎದಿ ಒಡೀತಿ ಎಂದು ಗದಿಗೆವ್ವ ಓಡಿಬಂದು ತಟ್ಟೆ ಕಸಿದುಕೊಂಡಳು. ಕಸಿದುಕೊಂಡ ತಟ್ಟೆಯನ್ನು ತಾನೂ ಒಮ್ಮೆ ಬೀಳಿಸಿ ನೋಡಿದಳು.

ತಾಯಿ, ಈಗ ನನ್ನ ಕೋರಿಕೆ. ನಿಮ್ಮ ಕಾಲದ ಬಿಸಿಲಿಗೆ ಹೆದರಿ ಗುಡ್ಡ ಸೇರುವ ಪಾಡು ನಿಮಗಿಲ್ಲ. ಆದರೂ ಬಾಣಂತಿಯ ಕೋಣೆಗೆ ಪರದೆ ಎಳೆಯುತ್ತೀರಿ, ಹಳದಿ ಬಲ್ಬು ಹಾಕುತ್ತೀರಿ, ಅರಿಶಿನ ಪೂಸುತ್ತೀರಿ ಎಂದು ಕೇಳಿದ್ದೇನೆ. ಮುಂಜಾನೆ ಪರದೆ ಸರಿಸಿ, ಕೂಸನ್ನು ಕಿಟಕಿಯ ಬಳಿ ತನ್ನಿ, ಒರೆಸಿ, ಮೂಗು ಒತ್ತಿ ನೋಡಿ. ಬಣ್ಣ ಕಪ್ಪಗಿದ್ದರೆ ಕಣ್ಣಿನ ಬಿಳಿ ನೋಡಿ, ಒಸಡು ನೋಡಿ. ಹುಟ್ಟಿದ ದಿನವೇ ಹಳದಿ ಕಂಡರೆ, ಕಾಲಿನವರೆಗೆ ಇಳಿದರೆ, ಕೂಸು ಹಾಲು ಬಿಟ್ಟು ನಿದ್ದೆಯಲ್ಲೇ ಇದ್ದರೆ, ಸಣ್ಣಗೆ ಚೀರಿದರೆ, ಹೆಸರಿಡುವ ದಿನಕ್ಕೆ ಕಾಯಬೇಡಿ, ಅತ್ತೆ ನೀರಿಗೆ ಹೋಗುವುದಕ್ಕೂ ಕಾಯಬೇಡಿ, ಡಾಕ್ಟರ ಬಳಿಗೆ ನಡೆಯಿರಿ. ಎರಡು ವಾರ ಕಳೆದರೂ ಹಳದಿ ಹೋಗದಿದ್ದರೆ, ಮಲ ಸುಣ್ಣದಂತೆ ಬಿಳುಪಾದರೆ, ಆಗಲೂ ಹೋಗಿ. ಹುಟ್ಟಿದ ಗಳಿಗೆಯಿಂದ ಎದೆಹಾಲು ಕೊಡಿ, ಮತ್ತೆ ಮತ್ತೆ ಕೊಡಿ. ಬಸುರಿಯಿದ್ದಾಗಲೇ ನಿಮ್ಮ ರಕ್ತದ ಗುಂಪು ತಿಳಿದುಕೊಳ್ಳಿ. ಇಷ್ಟಾದ ಮೇಲೆ ಹೆದರಬೇಡಿ. ಬಹಳ ಕೂಸುಗಳು ಚೂರು ಹಳದಿಯಾಗಿ, ಹಾಲು ಕುಡಿದು, ಅತ್ತು, ಹಳದಿ ಕಳೆದು, ದೊಡ್ಡವಾಗಿ ನಮ್ಮೊಡನೆ ಜಗಳವಾಡುತ್ತವೆ.

ಮುನ್ನೂರು ವರ್ಷದಾಚೆಯಿಂದ ಹೇಳಿದ ಮಾತನ್ನು ಯಾರು ಕೇಳುತ್ತಾರೆಂದು ನನ್ನ ಮೊಮ್ಮಕ್ಕಳು ನಗುತ್ತಾರೆ. ಕಥೆ ಕೇಳಿದವರು ಏನು ಮಾಡುತ್ತಾರೆಂಬುದು ನನಗೆ ಗೊತ್ತು. ಅದನ್ನೂ ಹೇಳಿ ಮುಗಿಸುತ್ತೇನೆ.

ಚಂಪವ್ವನ ಕೂಸಿಗೆ ಹೆಸರಿಟ್ಟ ಸಂಜೆ ಗಾಳೆವ್ವ ಈ ಕಥೆ ಹೇಳಿದಳಲ್ಲ, ಕೇಳಿದವರು ಎಲೆಯಡಿಕೆ ಹಾಕಿಕೊಂಡು ಎದ್ದು ಹೋದರು. ಮರುದಿನ ಮುಂಬೆಳಗು ಕೊಟ್ರೇಶ ಗೂಡಿನಿಂದ ಇಣುಕಿದರೆ, ಮೆಟ್ಟಿಲ ತುಂಬ ಹೆಂಗಸರು. ರೊಟ್ಟಿ ಓಣಿಯವರು, ಬಾವಿ ಓಣಿಯವರು, ಎಳೆಗೂಸಿದ್ದವರೆಲ್ಲ ಎತ್ತಿಕೊಂಡು ಸಾಲಾಗಿ ನಿಂತಿದ್ದರು. ಕೆಲವರು ಹಲ್ಲು ಬಂದ ಮಕ್ಕಳನ್ನೂ ತಂದಿದ್ದರು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಗದಿಗೆವ್ವ, ಕೈಯಲ್ಲಿ ಹಸಿ ಬಿಳಿ ಅರಿವೆ. ಒಂದೊಂದು ಕೂಸನ್ನೂ ಬೆಳಕಿಗೆ ತಿರುಗಿಸಿ, ಒರೆಸಿ, ಮೂಗು ಒತ್ತಿ, ತಾಯಿಗೆ ನಾಲ್ಕು ಮಾತು ಬೈದು ಕಳಿಸುತ್ತಿದ್ದಳು. ಸಾಲಿನ ಕೊನೆಯಲ್ಲಿ ಬಾವಿ ಓಣಿಯ ಒಬ್ಬಳು, ಮೊನ್ನೆ ಹೆತ್ತವಳು, ನಿಂತಿದ್ದಳು. ನಿನ್ನ ಕೂಸಿಗೇನಾಗೇದ ಎಂದು ಕೇಳಿದರೆ, ಏನಿಲ್ಲವ್ವ, ಎಲ್ಲಾರೂ ಬಂದ್ರಲ್ಲ, ಅದಕ್ಕ ನಾನೂ ಬಂದೆ ಅಂದಳು. ಗದಿಗೆವ್ವ ಆ ಕೂಸಿನ ಹಣೆ ಒರೆಸಿದಳು. ಮತ್ತೆ ಒರೆಸಿದಳು. ಅರಿವೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಬೆಳ್ಳಗಿತ್ತು, ಹಣೆ ಮಾತ್ರ ಹಳದಿಯಾಗಿಯೇ ಇತ್ತು.

ಅವಳು ಆ ತಾಯಿಗೆ ಬೈಯಲಿಲ್ಲ. ಕೂಸನ್ನು ಎದೆಗವಚಿಕೊಂಡು, ದಾರಿ ಬಿಡ್ರಿ ಎಂದು ಕೂಗುತ್ತ, ತಾನೇ ಮೆಟ್ಟಿಲಿಳಿದು ನೀಲಿ ತೊಟ್ಟಿಲಿನ ಕಡೆಗೆ ಓಡಿದಳು.

ಆ ಕೂಸು ನನ್ನ ಮುತ್ತಜ್ಜಿ.